ಇಪ್ಪತ್ತು ನಿಮಿಷಗಳು

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಸೋದರಿಯರು ನನ್ನನ್ನು ಕೇಳಿಕೊಂಡರು. ಮುಖ್ಯೋಪಾಧ್ಯಾಯಿನಿಯಾದವಳು ಸ್ತ್ರೀಶಿಕ್ಷಣವನ್ನು ಕುರಿತೋ ಶಿಸ್ತನ್ನು ಕುರಿತೋ ಬರೆಯುವುದು ವಾಡಿಕೆ. ಆ ವಿಷಯಗಳನ್ನು ನಾನು ವರುಷವರುಷವೂ ವಾರ್ಷಿಕೋತ್ಸವದ ವರದಿಯಲ್ಲಿ ಓದುತ್ತಲೇ ಇರುವೆನಾದುದರಿಂದ, ಈ ಸಲ ರೈಲುಬಂಡಿಯ ವೇಳಾಪಟ್ಟಿಯನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ಇದನ್ನು ಕಂಡು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ನಗಬಹುದು. ಆದರೆ ಮಂಡ್ಯ, ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣಗಳಿಂದ ದಿನವೂ ಬಂಡಿಯಲ್ಲಿ ಬಂದು ನಮ್ಮಲ್ಲಿ ಓದಿ ಹೋದವರು ನಗಲಾರರು. ವೇಳಾಪಟ್ಟಿಯ ಒಂದು ಸಾಲು ಒಬ್ಬ ಹುಡುಗಿಯ ಓದನ್ನು ಎಷ್ಟು ಸುಲಭವಾಗಿ ನಿಲ್ಲಿಸಬಲ್ಲುದೆಂಬುದನ್ನು ಅವರು ಚೆನ್ನಾಗಿ ಬಲ್ಲರು.

ನನ್ನ ಮನೆ ಮಂಡ್ಯದಲ್ಲಿ, ಶಾಲೆ ಮೈಸೂರಿನಲ್ಲಿ. ನಡುವೆ ಸುಮಾರು ೪೫ ಕಿಲೋಮೀಟರು. ವೃದ್ಧರಾದ ತಾಯಿಯವರು ಹುಟ್ಟಿದ ಮನೆಯನ್ನು ಬಿಟ್ಟು ಬರಲೊಲ್ಲರಾದ್ದರಿಂದ ಹನ್ನೆರಡು ವರುಷಗಳಿಂದ ನಾನು ಬೆಳಗ್ಗೆ ಹೋಗಿ ಸಂಜೆ ಹಿಂದಿರುಗುವ ಪ್ರಯಾಣಿಕಳಾಗಿದ್ದೇನೆ. ಪ್ರಯಾಣಿಕರನ್ನು ಕೊಂಡೊಯ್ಯುವ ಪ್ರತಿಯೊಂದು ಬಂಡಿಯಲ್ಲಿಯೂ ಹೆಂಗಸರಿಗೆಂದು ಒಂದು ವಿಭಾಗವನ್ನಾಗಲಿ ಕೆಲವು ಆಸನಗಳನ್ನಾಗಲಿ ಬೇರೆಯಾಗಿ ಇಡಬೇಕೆಂದು ೧೯೮೯ರ ರೈಲ್ವೆ ಕಾಯಿದೆಯ ೫೮ನೆಯ ಪ್ರಕರಣವು ವಿಧಿಸುತ್ತದೆ. ಆ ಹೆಂಗಸರ ಡಬ್ಬಿಯೇ ನನಗೆ ಎರಡನೆಯ ಉಪಾಧ್ಯಾಯಿನಿಯರ ಕೊಠಡಿಯಾಗಿದೆ. ಅಲ್ಲಿ ನಾನು ಉತ್ತರಪತ್ರಿಕೆಗಳನ್ನು ತಿದ್ದಿದ್ದೇನೆ, ಅವರೆಕಾಯಿ ಸುಲಿದಿದ್ದೇನೆ, ಮದುವೆಯ ಮಾತುಕತೆಗಳನ್ನು ಕೇಳಿದ್ದೇನೆ. ಆದರೆ ಆ ಡಬ್ಬಿಯಲ್ಲಿ ಎಂದೆಂದಿಗೂ ಬತ್ತದ ಮಾತೆಂದರೆ ಬಂಡಿಯ ಹೊತ್ತಿನ ಮಾತು. ಹವೆಯ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುವವರು ಬಂಡಿಯ ಐದು ನಿಮಿಷದ ವಿಷಯವನ್ನು ಮಂಡ್ಯದಿಂದ ಮೈಸೂರಿನವರೆಗೂ ಆಡುವರು.

ಈ ದಾರಿಯ ಇತಿಹಾಸವನ್ನು ಸ್ವಲ್ಪ ಹೇಳುವುದು ಇಲ್ಲಿ ಅಪ್ರಕೃತವಾಗದು. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಮಹಾ ಕ್ಷಾಮವು ಪೀಡಿಸಿತು. ದೂರದಿಂದ ಧಾನ್ಯವನ್ನು ಬೇಗನೆ ತರುವ ದಾರಿಯಿಲ್ಲದುದು ಆ ದುಃಖವನ್ನು ಹೆಚ್ಚಿಸಿತು. ತರುವಾಯದ ವರುಷಗಳಲ್ಲಿ ಬೆಂಗಳೂರಿನಿಂದ ಮೀಟರ್ ಗೇಜಿನ ಕಬ್ಬಿಣದ ಹಾದಿಯು ಬೆಳೆದು ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು. ೧೯೯೦ರ ದಶಕದಲ್ಲಿ ಅದು ಅಗಲ ಹಾದಿಯಾಯಿತು. ಅನಂತರ ಜೋಡಿ ಹಾದಿಯಾಗುವ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡಬಂದಿತು. ಅದನ್ನು ಕೆಡವದೆ, ೨೦೧೭ರಲ್ಲಿ ಬುಡಸಹಿತವಾಗಿ ಎತ್ತಿ ನೂರು ಮೀಟರಿಗಿಂತಲೂ ಹೆಚ್ಚು ದೂರಕ್ಕೆ ಸರಿಸಿ ಇರಿಸಿದರು. ಆ ದಿನಗಳಲ್ಲಿ ನಮ್ಮ ಹುಡುಗಿಯರು ಕಿಟಕಿಗೆ ಮುಖವನ್ನಿಟ್ಟು ಅದನ್ನು ನೋಡಿದುದು ನನಗೆ ಚೆನ್ನಾಗಿ ನೆನಪಿದೆ. ೨೦೧೮ನೆಯ ಫೆಬ್ರವರಿಯಲ್ಲಿ ಜೋಡಿ ಹಾದಿಯೂ ವಿದ್ಯುತ್ತಂತಿಯೂ ಲೋಕಾರ್ಪಣವಾದುವು. ಎದುರು ಬಂಡಿಗಾಗಿ ಪಾಂಡವಪುರದಲ್ಲಿ ಅರ್ಧ ಗಂಟೆ ಕಾಯುವ ಕಾಲವು ಮುಗಿಯಿತೆಂದು ನಾವೆಲ್ಲರೂ ಸಂತೋಷಪಟ್ಟೆವು.

ಬಂಡಿಯ ಹೊತ್ತು ಬದಲಾಗುವುದರಿಂದ ಯಾವಾಗಲೂ ಕೇಡೇ ಆಗುವುದೆಂದು ಹೇಳಬಾರದು. ಮದ್ದೂರು ವಡೆಯ ಕಥೆಯನ್ನು ನಮ್ಮ ಕಡೆಯವರೆಲ್ಲರೂ ಕೇಳಿದ್ದಾರೆ. ೧೯೧೭ರಲ್ಲಿ ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರೆಂಬವರು ಒಂದು ದಿನ ಬಂಡಿಯು ಎಂದಿಗಿಂತ ಮುಂಚಿತವಾಗಿ ಬಂದುಬಿಡಲು, ಕೈಗೆ ಸಿಕ್ಕಿದ ಹಿಟ್ಟುಗಳನ್ನೆಲ್ಲ ಈರುಳ್ಳಿಯೊಡನೆ ಕಲಸಿ, ಉಂಡೆಮಾಡಲು ಪುರಸತ್ತಿಲ್ಲದೆ ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರೆಂದೂ, ಅದೇ ಮದ್ದೂರು ವಡೆಯಾಯಿತೆಂದೂ ಪ್ರತೀತಿ. ನಮ್ಮ ಗೃಹವಿಜ್ಞಾನದ ತರಗತಿಯಲ್ಲಿ ಈ ಕಥೆಯನ್ನು ಹೇಳದೆ ಆ ವಡೆಯನ್ನು ಮಾಡಿಸುವುದೇ ಇಲ್ಲ.

ಹೊತ್ತು ಎಂಬುದೇ ರೈಲಿನಿಂದ ಬದಲಾದುದನ್ನು ಭೂಗೋಳದ ಪಾಠದಲ್ಲಿ ನಾನು ಹುಡುಗಿಯರಿಗೆ ಹೇಳುವುದುಂಟು. ಹಿಂದೆ ಒಂದೊಂದು ಊರಿಗೂ ಅದರದರ ಸೂರ್ಯನೇ ಗಡಿಯಾರ. ಮೈಸೂರಿನ ನಡುಹಗಲು ಮದರಾಸಿನ ನಡುಹಗಲಿಗಿಂತ ಸುಮಾರು ೧೪ ನಿಮಿಷ ತಡವಾಗಿ ಬರುವುದು. ಇಂಥ ಊರೂರ ಗಡಿಯಾರಗಳನ್ನು ನಂಬಿ ಬಂಡಿಗಳನ್ನು ಓಡಿಸುವುದು ಅಪಾಯವಾದುದರಿಂದ ರೈಲಿನವರು ಮದರಾಸಿನ ಹೊತ್ತನ್ನೇ ಹಿಡಿದರು. ೧೯೦೬ನೆಯ ಜನವರಿ ೧ರಂದು ಅದಕ್ಕಿಂತ ೯ ನಿಮಿಷ ಮುಂದಾದ ಭಾರತೀಯ ಸಾಮಾನ್ಯ ಕಾಲವು ಜಾರಿಗೆ ಬಂದಿತು. ಈ ಲೆಕ್ಕದಿಂದ ನಮ್ಮ ಗಡಿಯಾರವು ಹನ್ನೆರಡು ಹೊಡೆದಾಗ ಮೈಸೂರಿನ ಸೂರ್ಯನು ಇನ್ನೂ ಸುಮಾರು ೨೩ ನಿಮಿಷಗಳ ದಾರಿಯನ್ನು ನಡೆಯಬೇಕು. ದೇಶವೆಲ್ಲ ಒಂದೇ ಹೊತ್ತಿನಲ್ಲಿ ಬಾಳುವುದಕ್ಕಾಗಿ ಒಂದೊಂದು ಊರೂ ಕೆಲವು ನಿಮಿಷಗಳನ್ನು ಬಿಟ್ಟುಕೊಟ್ಟಿದೆ. ಬಿಟ್ಟುಕೊಡುವವರು ಯಾರು, ಎಷ್ಟನ್ನು ಎಂಬುದೇ ವೇಳಾಪಟ್ಟಿಯ ವ್ಯಾಜ್ಯವೆಲ್ಲವೂ.

ಇನ್ನು ನಾನು ಹೇಳಬೇಕೆಂದಿರುವ ಸಂಗತಿಗೆ ಬರುವೆನು. ಕೆಲವು ವರುಷಗಳ ಹಿಂದೆ ಒಂದು ಬೆಳಗ್ಗೆ ನಮ್ಮ ನಿಲ್ದಾಣದ ಗೋಡೆಯಲ್ಲಿ ಒಂದು ಪ್ರಕಟಣೆ ಅಂಟಿಸಲ್ಪಟ್ಟಿತು. ಎಲ್ಲ ಚಿಕ್ಕ ನಿಲ್ದಾಣಗಳಲ್ಲಿಯೂ ನಿಂತು ಹೋಗುವ ನಮ್ಮ ಬೆಳಗಿನ ಬಂಡಿಯು ಮುಂದಿನ ತಿಂಗಳಿನಿಂದ ಇಪ್ಪತ್ತು ನಿಮಿಷ ತಡವಾಗಿ ಹೊರಡುವುದೆಂದು ಅದರಲ್ಲಿ ಬರೆದಿದ್ದಿತು. ಅದುವರೆಗೆ ಅದು ಎಂಟೂ ಮುಕ್ಕಾಲಕ್ಕೆ ಮೈಸೂರನ್ನು ಸೇರುತ್ತಿತ್ತು. ನಿಲ್ದಾಣದಿಂದ ಶಾಲೆಗೆ ನಗರದ ಬಸ್ಸಿನಲ್ಲಿ ಅರ್ಧ ಗಂಟೆ. ಶಾಲೆಯ ಮೊದಲ ಗಂಟೆ ಒಂಬತ್ತೂವರೆಗೆ. ಹೊಸ ಹೊತ್ತಿನ ಪ್ರಕಾರ ಹುಡುಗಿಯರು ಒಂಬತ್ತೂ ಮೂವತ್ತೈದಕ್ಕೆ ಬಾಗಿಲನ್ನು ಮುಟ್ಟುವರು. ಬಂಡಿಯು ಹತ್ತು ನಿಮಿಷ ತಡವಾದರೆ ಮೊದಲನೆಯ ಪಾಠದ ಕಾಲುಭಾಗವು ಹೋದಂತೆಯೇ. ಇದಕ್ಕೆ ಮೊದಲಿನ ಬಂಡಿಯಾದರೋ ಏಳೂವರೆಗೇ ಮೈಸೂರಿನಲ್ಲಿರುವುದು.

ಅಂದಿನಿಂದ ಹತ್ತು ದಿನ ನಮ್ಮ ಡಬ್ಬಿಯಲ್ಲಿ ನಡೆದ ಚರ್ಚೆಯು ಯಾವ ಸಭೆಗೂ ಕಡಿಮೆಯಾಗಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸಮಾಡುವ ಒಬ್ಬ ಸೋದರಿಯು, “ನನಗಂತೂ ಇದು ದೇವರು ಕೊಟ್ಟ ವರ. ಇಪ್ಪತ್ತು ನಿಮಿಷ ಸಿಕ್ಕಿದರೆ ಮಗುವಿಗೆ ನಾನೇ ಉಣಿಸಿ ಬರುವೆ. ಇಷ್ಟು ದಿನ ಅತ್ತೆಯವರು ಉಣಿಸುತ್ತಿದ್ದರು” ಎಂದಳು. ಆಸ್ಪತ್ರೆಯ ದಾದಿಯೊಬ್ಬಳು, ಒಂಬತ್ತು ಗಂಟೆಗೆ ತಾನು ಹೋಗಿ ನಿಲ್ಲುವವರೆಗೂ ರಾತ್ರಿಯ ಪಾಳಿಯವಳು ಮನೆಗೆ ಹೋಗುವಂತಿಲ್ಲವೆಂದೂ, ಅವಳಿಗೂ ಮಕ್ಕಳಿರುವರೆಂದೂ ಹೇಳಿದಳು. ಯಲಿಯೂರಿನಲ್ಲಿ ಸೊಪ್ಪಿನ ಕಂತೆಗಳೊಡನೆ ಹತ್ತುತ್ತಿದ್ದ ಮುದುಕಿಯೊಬ್ಬಳು, “ಏನವ್ವಾ ಮಾಡಾನ? ಒಂಬತ್ತು ಗಂಟೆ ಮೇಲೆ ದೇವರಾಜ ಮಾರ್ಕೆಟ್ಟಿಗೆ ಹೋದ್ರೆ ಸೊಪ್ಪು ಕೇಳೋರ್ಯಾರು? ನಾನು ಮುಂಚೆ ರೈಲಿಗೇ ಹೋಯ್ತೀನಿ. ನಿಮ್ಮನ್ನೆಲ್ಲ ನೋಡೋದು ತಪ್ಪೋಯ್ತದೆ ಅಷ್ಟೆ” ಎಂದಳು. ಕಾಲೇಜಿನಲ್ಲಿ ಉಪನ್ಯಾಸಕಿಯಾದ ತರುಣಿಯೊಬ್ಬಳು ಹಾದಿಯ ಮೇಲೆ ಕುಳಿತು ಬಂಡಿಯನ್ನು ತಡೆಯಬೇಕೆಂದು ಆವೇಶದಿಂದ ನುಡಿದಳು. ಹಾಗೆ ತಡೆದರೆ ನಮ್ಮ ಹಿಂದೆ ನಿಲ್ಲುವ ಬಂಡಿಯಲ್ಲಿ ಯಾರ ಪರೀಕ್ಷೆಯೋ ಯಾರ ಆಸ್ಪತ್ರೆಯ ಪ್ರಯಾಣವೋ ಕೆಡುವುದೆಂದು ದಾದಿಯು ಉತ್ತರ ಕೊಟ್ಟಳು. ಉಪನ್ಯಾಸಕಿಯು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, “ಹಾಗಾದರೆ ಏನು ಮಾಡೋಣ ಹೇಳಿ” ಎಂದು ಕೇಳಿದಳು.

ಆ ದಿನಗಳಲ್ಲಿ ನಮ್ಮೊಡನೆ ಪ್ರಯಾಣ ಮಾಡುತ್ತಿದ್ದವರಲ್ಲಿ ಒಬ್ಬಳು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ. ಗಣಿತದಲ್ಲಿ ಬಹಳ ಚುರುಕಾಗಿದ್ದವಳು ಈಗ ಒಂದು ನಿಲ್ದಾಣದಲ್ಲಿ ಸಹಾಯಕ ಸ್ಟೇಷನ್ ಮಾಸ್ತರಾಗಿದ್ದಾಳೆ. ರಾತ್ರಿಯ ಪಾಳಿಯನ್ನು ಮುಗಿಸಿ ಮನೆಗೆ ಹೋಗುವಾಗ ನಮ್ಮ ಡಬ್ಬಿಯಲ್ಲಿ ಕುಳಿತು ಕಣ್ಣು ಮುಚ್ಚುವುದು ಅವಳ ಅಭ್ಯಾಸ. ನಾವು ಮಾಡುತ್ತಿದ್ದ ಗದ್ದಲಕ್ಕೆ ಅವಳು ಎದ್ದು ಕುಳಿತು, “ಟೀಚರ್, ಒಂದು ಗ್ರಾಫ್ ಹಾಳೆ ಇದೆಯೆ?” ಎಂದು ಕೇಳಿದಳು. ಶಾಲೆಯ ಚೀಲದಲ್ಲಿ ಅದಕ್ಕೆ ಕೊರತೆಯೆ?

ಅವಳು ಹಾಳೆಯ ಎಡಗಡೆ ಕೆಳಗಿನಿಂದ ಮೇಲಕ್ಕೆ ಮಂಡ್ಯ, ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ, ಮೈಸೂರು ಎಂದು ದೂರಕ್ಕೆ ತಕ್ಕಂತೆ ಬರೆದಳು. ಅಡ್ಡಲಾಗಿ ಗಂಟೆ ನಿಮಿಷಗಳನ್ನು ಗುರುತಿಸಿದಳು. ಆಮೇಲೆ ಒಂದೊಂದು ಬಂಡಿಗೂ ಒಂದೊಂದು ಓರೆಗೆರೆ. ಬೇಗನೆ ಹೋಗುವ ಬಂಡಿಯ ಗೆರೆ ಕಡಿದಾಗಿ ಏರುವುದು; ನಮ್ಮ ಬಂಡಿಯ ಗೆರೆ ಒಂದೊಂದು ನಿಲ್ದಾಣದಲ್ಲಿಯೂ ಒಂದು ಸಣ್ಣ ಮೆಟ್ಟಿಲನ್ನು ಹಾಕಿಕೊಂಡು ನಿಧಾನವಾಗಿ ಏರುವುದು. ಒಂದೇ ದಿಕ್ಕಿಗೆ ಹೋಗುವ ಎರಡು ಗೆರೆಗಳು ನಿಲ್ದಾಣವಿಲ್ಲದ ಕಡೆ ಒಂದನ್ನೊಂದು ದಾಟಕೂಡದು. ಹೊಸದಾಗಿ ಬಂದ ಒಂದು ದೂರದ ಬಂಡಿಯ ಕಡಿದಾದ ಗೆರೆಯು ನಮ್ಮ ಬಂಡಿಯ ಗೆರೆಯನ್ನು ಪಾಂಡವಪುರದ ಹತ್ತಿರ ಕತ್ತರಿಸುವುದನ್ನು ಅವಳು ತೋರಿಸಿದಳು. ಆದುದರಿಂದ ನಮ್ಮ ಬಂಡಿಯನ್ನು ಅಲ್ಲಿ ಪಕ್ಕದ ಹಾದಿಗೆ ತೆಗೆದು ನಿಲ್ಲಿಸಬೇಕು, ಇಲ್ಲವೆ ಆ ಬಂಡಿಯ ಹಿಂದಿನಿಂದಲೇ ಹೊರಡಿಸಬೇಕು. ಜೋಡಿ ಹಾದಿಯು ಎದುರು ಬಂಡಿಯ ತೊಂದರೆಯನ್ನು ತಪ್ಪಿಸಿತೇ ಹೊರತು ಹಿಂದಿನಿಂದ ಬರುವ ವೇಗದ ಬಂಡಿಯ ತೊಂದರೆಯನ್ನು ತಪ್ಪಿಸಲಾರದು.

ಅಷ್ಟೇ ಅಲ್ಲ. ಮೈಸೂರನ್ನು ಸೇರಿದ ಡಬ್ಬಿಗಳ ಸಾಲೇ ಮತ್ತೊಂದು ಬಂಡಿಯಾಗಿ ಹೊರಡಬೇಕು. ಅಲ್ಲಿ ವೇದಿಕೆಯೊಂದು ಖಾಲಿಯಿರಬೇಕು. ಹಳಿಗಳನ್ನೂ ತಂತಿಗಳನ್ನೂ ಸರಿಪಡಿಸುವವರಿಗೆ ಬಂಡಿಗಳಿಲ್ಲದ ಹೊತ್ತನ್ನು ಬಿಡಬೇಕು. ಇದೂ ಅಲ್ಲದೆ ಕೊನೆಯ ನಿಲ್ದಾಣವನ್ನು ಸೇರುವ ಮೊದಲು ತಡವನ್ನು ನುಂಗಿಕೊಳ್ಳುವುದಕ್ಕಾಗಿ ಕೆಲವು ನಿಮಿಷಗಳನ್ನು ಹೆಚ್ಚಾಗಿ ಕೊಟ್ಟಿರುವರು. ಪಟ್ಟಿಯಲ್ಲಿ ಕೊನೆಯ ನಾಲ್ಕಾರು ಕಿಲೋಮೀಟರಿಗೆ ಅಷ್ಟೊಂದು ಹೊತ್ತು ಹಿಡಿಯುವುದೇಕೆಂದು ಪ್ರಯಾಣಿಕರು ಹಾಸ್ಯಮಾಡುವುದು ಇದನ್ನೇ ಕುರಿತು. ಮಾರೇ ಎಂಬ ಫ್ರೆಂಚ್ ವಿಜ್ಞಾನಿಯು ೧೮೮೫ರಲ್ಲಿಯೇ ಪ್ಯಾರಿಸ್ ಮತ್ತು ಲಿಯೋನ್ ಪಟ್ಟಣಗಳ ನಡುವಣ ಬಂಡಿಗಳ ಇಂಥ ಚಿತ್ರವನ್ನು ತನ್ನ ಗ್ರಂಥದಲ್ಲಿ ಅಚ್ಚು ಹಾಕಿಸಿದ್ದಾನೆ. ಇಂದಿಗೂ ವೇಳಾಪಟ್ಟಿಯನ್ನು ಮಾಡುವವರ ಕೆಲಸವು ಈ ಓರೆಗೆರೆಗಳಿಂದಲೇ ನಡೆಯುವುದು. ನಮ್ಮ ಡಬ್ಬಿಯಲ್ಲಿದ್ದವರೆಲ್ಲರೂ ಆ ಹಾಳೆಯ ಮೇಲೆ ಬಗ್ಗಿ ನಿಂತೆವು. ಅದುವರೆಗೆ “ಅವರು ಬೇಕೆಂದೇ ಮಾಡಿದ್ದಾರೆ” ಎನ್ನುತ್ತಿದ್ದವರ ಧ್ವನಿಯು ತಗ್ಗಿತು. ಗಣಿತವನ್ನು ಕಲಿಯುವುದರಿಂದ ಏನು ಪ್ರಯೋಜನವೆಂದು ನನ್ನನ್ನು ಕೇಳುವ ಹುಡುಗಿಯರಿಗೆ ಅಂದಿನಿಂದ ನಾನು ಆ ಹಾಳೆಯನ್ನು ತೋರಿಸುತ್ತೇನೆ.

ಆದರೆ ಗೆರೆಗಳು ಸರಿಯಾಗಿದ್ದ ಮಾತ್ರಕ್ಕೆ ಹುಡುಗಿಯರ ಕಷ್ಟವು ತೀರಲಿಲ್ಲ. ಆ ಶನಿವಾರ ಬ್ಯಾಡರಹಳ್ಳಿಯ ಕಡೆಯ ಒಬ್ಬ ರೈತನು ನನ್ನ ಕೊಠಡಿಗೆ ಬಂದು, ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ತನ್ನ ಮಗಳ ವರ್ಗಾವಣೆ ಪತ್ರವನ್ನು ಕೇಳಿದನು. ಯಾವ ಶಾಲೆಗೆ ಸೇರಿಸುವಿರೆಂದು ಕೇಳಿದೆನು. ಅವನು ತಲೆತಗ್ಗಿಸಿ, “ಎಲ್ಲಿಗೂ ಇಲ್ಲ ಅಮ್ಮಾವ್ರೆ. ಮನೇಲಿರ್ತಾಳೆ” ಎಂದನು. ಹೊಸ ಬಂಡಿಯಲ್ಲಿ ದಿನವೂ ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುವುದು ಅವಳಿಗೆ ನಾಚಿಕೆ. ಮೊದಲಿನ ಬಂಡಿಗಾದರೆ ಆರು ಗಂಟೆಗೂ ಮುಂಚೆ ಮನೆಯನ್ನು ಬಿಟ್ಟು ಮೂರು ಕಿಲೋಮೀಟರು ಕಬ್ಬಿನ ಗದ್ದೆಯ ನಡುವೆ ಬರಬೇಕು. “ಚಿರತೆ ಕಾಟ ಅದೆ. ಮನುಷ್ಯರ ಕಾಟಾನೂ ಅದೆ. ದಿನಾ ನಾನೇ ಬಿಟ್ಟು ಬರಾನ ಅಂದ್ರೆ ಆ ಹೊತ್ತಿಗೇ ನೀರು ತಿರುಗ್ಸಬೇಕು” ಎಂದನು. ಅವನ ಮಾತಿನಲ್ಲಿ ಯಾವುದನ್ನು ನಾನು ಅಲ್ಲಗಳೆಯಲಿ? ಮಗಳ ಓದಿನ ಮೇಲೆ ಅವನಿಗೆ ಅಕ್ಕರೆಯಿಲ್ಲವೆಂದು ಹೇಳುವುದು ಅನ್ಯಾಯವಾಗುವುದು. ಎಂಟು ದಿನ ತಾಳಬೇಕೆಂದು ಮಾತ್ರ ಕೇಳಿಕೊಂಡೆನು. ಅವನು ಒಪ್ಪಿ ಹೋದನು.

ಬಂಡಿಯಲ್ಲಿ ಬರುವ ನಮ್ಮ ಹುಡುಗಿಯರು ಎಷ್ಟು ಮಂದಿ ಎಂದು ಅಂದೇ ಲೆಕ್ಕ ಹಾಕಿಸಿದೆನು. ಹದಿನೇಳು ಮಂದಿ. ಅವರಲ್ಲಿ ಬಹುತೇಕ ಎಲ್ಲರೂ ಉಚಿತ ಮಾಸಿಕ ಪಾಸಿನಲ್ಲಿ ಬರುವವರು. ಪದವಿಯ ಓದು ಮುಗಿಯುವವರೆಗೆ ಹೆಣ್ಣುಮಕ್ಕಳಿಗೆ ಮನೆಯಿಂದ ಶಾಲೆಗೋ ಕಾಲೇಜಿಗೋ ಹೋಗಿಬರಲು ಎರಡನೆಯ ದರ್ಜೆಯ ಮಾಸಿಕ ಪಾಸನ್ನು ರೈಲ್ವೆಯವರು ಉಚಿತವಾಗಿ ಕೊಡುತ್ತಾರೆ. ಅದಕ್ಕೆ ಬೇಕಾದ ಪತ್ರಕ್ಕೆ ರುಜು ಹಾಕುವವಳು ನಾನೇ. ಇಂಥ ದೊಡ್ಡ ಉಪಕಾರವು, ಬಂಡಿಯು ಪಾಠದ ಹೊತ್ತಿಗೆ ಬಾರದಿದ್ದರೆ, ಚೀಲದಲ್ಲಿ ಉಳಿಯುವ ಒಂದು ಕಾಗದದ ಚೂರಾಗುವುದು. ಬಸ್ಸಿನಲ್ಲಿ ಬರಲಿ ಎನ್ನೋಣವೆಂದರೆ ಚಿಕ್ಕ ಹಳ್ಳಿಗಳಿಂದ ಹೆದ್ದಾರಿಗೆ ಬಂದು ಸೇರುವುದೇ ಒಂದು ಪ್ರಯಾಣ. ದೊಡ್ಡ ದಾರಿಯು ದೊಡ್ಡದಾದಷ್ಟೂ ಚಿಕ್ಕ ಊರುಗಳ ಪಕ್ಕದಲ್ಲಿ ನಿಲ್ಲದೆ ಸಾಗುವುದು.

ಸೋಮವಾರ ಬೆಳಗ್ಗೆ ಡಬ್ಬಿಯಲ್ಲಿ ಈ ರೈತನ ಮಾತನ್ನು ತಿಳಿಸಿದೆನು. ಊರಿನ ಹೆಸರನ್ನು ಕೇಳಿದೊಡನೆಯೇ ಸೊಪ್ಪಿನ ಮುದುಕಿಯು, “ಆ ಊರು ನನ್ನ ತಂಗಿ ಊರು ಕಣವ್ವ. ತಂಗಿ ಮಗ ದಿನಾ ಐದೂವರೆಗೆ ಡೈರಿಗೆ ಹಾಲು ಹಾಕಕ್ಕೆ ಗಾಡಿ ತಗಂಡು ಟೇಸನ್ ತಾವೇ ಬತ್ತಾನೆ, ಅವನ ಹೆಂಡ್ರೂ ಬತ್ತಾಳೆ. ಮಗೀನ ಅವರ ಜೊತೆ ಕಳ್ಸಕ್ಕೆ ಹೇಳಿ. ರೈಲಲ್ಲಿ ನಾನಿಲ್ವಾ? ಯಲಿಯೂರಲ್ಲೇ ಹತ್ತಿ ಕಿಟಕಿ ತಾವ ಒಂದು ಜಾಗ ಇಟ್ಟಿರ್ತೀನಿ” ಎಂದಳು. ಅಂದೇ ಸಂಜೆ ಅವಳು ಆ ಊರಿಗೆ ಹೋಗಿ ತಂದೆಯೊಡನೆ ತಾನೇ ಮಾತಾಡಿದಳು. ಅವಳು ಏನು ಹೇಳಿದಳೋ ನಾನರಿಯೆ. ವರ್ಗಾವಣೆ ಪತ್ರವನ್ನು ಕೇಳಲು ಆ ರೈತನು ಮತ್ತೆ ಬರಲಿಲ್ಲ.

ಏಳೂವರೆಗೆ ಮೈಸೂರಿನಲ್ಲಿ ಇಳಿದ ಹುಡುಗಿಯು ಒಂಬತ್ತೂವರೆಯವರೆಗೆ ಎಲ್ಲಿರಬೇಕು? ಈ ಪ್ರಶ್ನೆಗೆ ಉತ್ತರ ಹೇಳುವುದು ಶಾಲೆಯ ಹೊಣೆ. ಮೊದಲಿನ ಬಂಡಿಯನ್ನು ಆರಿಸಿಕೊಂಡ ಏಳು ಹುಡುಗಿಯರಿಗಾಗಿ ಎಂಟು ಗಂಟೆಗೆ ಓದುವ ಕೊಠಡಿಯನ್ನು ತೆರೆಯುವಂತೆ ಮಾಡಿದೆವು. ಶಾಲೆಯ ಹತ್ತಿರ ವಾಸಿಸುವ ಇಬ್ಬರು ಉಪಾಧ್ಯಾಯಿನಿಯರು ವಾರಕ್ಕೊಬ್ಬರಂತೆ ಅಲ್ಲಿರಲು ಒಪ್ಪಿದರು. ಹಾಸ್ಟೆಲಿನ ಅಡುಗೆಯಮ್ಮನು ಯಾರೂ ಹೇಳದೆಯೇ ಏಳು ತಟ್ಟೆಗಳನ್ನು ಹೆಚ್ಚಾಗಿ ಇಡತೊಡಗಿದಳು. ಆ ಕೊಠಡಿಯು ಇಂದಿಗೂ ಎಂಟು ಗಂಟೆಗೆ ತೆರೆಯುತ್ತದೆ. ಈಗ ಅಲ್ಲಿಗೆ ಬರುವವರಲ್ಲಿ ಮನೆಯಲ್ಲಿ ಓದಲು ಸ್ಥಳವಿಲ್ಲದ ಪೇಟೆಯ ಹುಡುಗಿಯರೇ ಹೆಚ್ಚು.

ಇತ್ತ ಡಬ್ಬಿಯ ಸಭೆಯು ಒಂದು ಮನವಿಯನ್ನು ಬರೆಯಲು ತೀರ್ಮಾನಿಸಿತು. ನಮ್ಮ ಸ್ಟೇಷನ್ ಮಾಸ್ತರಳು ಎಚ್ಚರಿಕೆ ಹೇಳಿದಳು: “ತೊಂದರೆಯಾಗಿದೆ ಎಂದು ಎಲ್ಲರೂ ಬರೆಯುತ್ತಾರೆ, ಟೀಚರ್. ಎಷ್ಟು ಜನಕ್ಕೆ, ಯಾವ ನಿಲ್ದಾಣದಲ್ಲಿ, ಎಷ್ಟು ನಿಮಿಷದಿಂದ ಎಂದು ಬರೆಯುವವರು ಕಡಿಮೆ.” ಆದುದರಿಂದ ಒಂದು ವಾರ ಪೂರ್ತಿ ಎಣಿಕೆ ನಡೆಯಿತು. ಎರಡು ಕಾಪಿ ಪುಸ್ತಕಗಳಲ್ಲಿ ಗೆರೆ ಹಾಕಿ, ಒಂದೊಂದು ನಿಲ್ದಾಣದಲ್ಲಿಯೂ ಹತ್ತಿದ ಹೆಂಗಸರಲ್ಲಿ ಓದುವವರೆಷ್ಟು, ಕೆಲಸಕ್ಕೆ ಹೋಗುವವರೆಷ್ಟು, ಮಾರಲು ಹೋಗುವವರೆಷ್ಟು ಎಂದು ಬರೆದರು. ಹೊಸ ಹೊತ್ತಿನಿಂದ ಅನುಕೂಲವಾದವರ ಹೆಸರಿಗೂ ಒಂದು ಅಂಕಣವನ್ನು ಬಿಟ್ಟೆವು. ಬ್ಯಾಂಕಿನ ಸೋದರಿಯು ಆ ಅಂಕಣದಲ್ಲಿ ತನ್ನ ಹೆಸರನ್ನು ಮೊದಲು ಬರೆದು, ಉಳಿದ ಅಂಕಣಗಳ ಕೂಡುವ ಲೆಕ್ಕವನ್ನೆಲ್ಲ ತಾನೇ ಮಾಡಿಕೊಟ್ಟಳು. ಅವಳ ನ್ಯಾಯಬುದ್ಧಿಯನ್ನು ನಾನು ಮರೆಯುವಂತಿಲ್ಲ.

ಹಳೆಯ ಹೊತ್ತೇ ಬೇಕೆಂದು ನಾವು ಕೇಳಲಿಲ್ಲ; ಗೆರೆಗಳ ಲೆಕ್ಕದಲ್ಲಿ ಅದು ಆಗದ ಮಾತೆಂದು ತಿಳಿದಿತ್ತು. ವೇಗದ ಬಂಡಿಯು ಹೋದ ಕೂಡಲೆ ನಮ್ಮದು ಹೊರಡಲಿ, ಕೊನೆಯಲ್ಲಿ ಕೂಡಿಸಿರುವ ನಿಮಿಷಗಳಲ್ಲಿ ಕೆಲವನ್ನು ಕಡಿಮೆ ಮಾಡಲಿ, ಹೀಗಾದರೆ ಇಪ್ಪತ್ತರಲ್ಲಿ ಹತ್ತು ಹನ್ನೆರಡು ನಿಮಿಷಗಳಾದರೂ ಹಿಂದಿರುಗುವುವು ಎಂದು ಬಿನ್ನವಿಸಿದೆವು. ಒಂದು ಪ್ರತಿಯು ಅಧಿಕಾರಿಗಳಿಗೆ ಹೋಯಿತು. ಮತ್ತೊಂದು ಪ್ರತಿಯು ರೈಲು ಬಳಕೆದಾರರ ಸಲಹಾ ಸಮಿತಿಯ ಸದಸ್ಯರೊಬ್ಬರಿಗೆ ಹೋಯಿತು. ವಿಭಾಗದ ಮಟ್ಟದಲ್ಲಿಯೂ ವಲಯದ ಮಟ್ಟದಲ್ಲಿಯೂ ಇಂಥ ಸಮಿತಿಗಳುಂಟೆಂಬುದು ನಮ್ಮಲ್ಲಿ ಬಹು ಮಂದಿಗೆ ಅಂದೇ ತಿಳಿಯಿತು. ತಿಂಗಳುಗಳು ಕಳೆದುವು. ಮುಂದಿನ ಪರಿಷ್ಕರಣದಲ್ಲಿ ನಮ್ಮ ಬಂಡಿಯು ಹತ್ತು ನಿಮಿಷ ಮುಂದಕ್ಕೆ ಬಂದಿತು. ನಮ್ಮ ಮನವಿಯಿಂದಲೇ ಬಂದಿತೆಂದು ಜಂಬ ಕೊಚ್ಚಿಕೊಳ್ಳಲು ನನಗೆ ಆಧಾರವಿಲ್ಲ. ಉಳಿದ ಹತ್ತು ನಿಮಿಷಗಳನ್ನು ಕೊಡುವುದು ನಮ್ಮ ಕೈಯ ಕೆಲಸವಾಗಿತ್ತು. ಪೋಷಕರ ಸಭೆಯನ್ನು ಕರೆದು ವಿಷಯವನ್ನು ತಿಳಿಸಿ, ಶಾಲೆಯ ಮೊದಲ ಗಂಟೆಯನ್ನು ಹತ್ತು ನಿಮಿಷ ಮುಂದೂಡಿದೆವು. ಪೇಟೆಯ ಪೋಷಕರಲ್ಲಿ ಒಬ್ಬಿಬ್ಬರು ಗೊಣಗಿದರು. ಹದಿನೇಳು ಹುಡುಗಿಯರ ಊರುಗಳ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಿದ ಮೇಲೆ ಸಭೆಯು ಸಮ್ಮತಿಸಿತು.

ಆ ಹುಡುಗಿಯು ಮುಂದಿನ ವರುಷ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದಳು. ಈಗ ಕಾಲೇಜಿಗೆ ಅದೇ ಹಾದಿಯಲ್ಲಿ ಬರುತ್ತಾಳೆ. ಹೊತ್ತು ಸರಿಹೋದ ಮೇಲೂ ಬಹಳ ಕಾಲ ಅವಳು ಮೊದಲಿನ ಬಂಡಿಯನ್ನು ಬಿಡಲಿಲ್ಲ. ಕಾರಣವನ್ನು ಕೇಳಿದಾಗ, “ಅಜ್ಜಿ ಒಬ್ಬಳೇ ಆಗ್ತಾಳೆ ಮೇಡಂ. ಮೈಸೂರಿನಲ್ಲಿ ಕಂತೆ ಇಳಿಸಲು ಒಬ್ಬರು ಬೇಕು” ಎಂದಳು.

ಬಂಡಿಯ ಬೆಲೆಯು ಅದು ನಿಂತಾಗ ನಮಗೆ ತಿಳಿಯಿತು. ೨೦೨೦ನೆಯ ಮಾರ್ಚಿಯಲ್ಲಿ ಮಹಾಮಾರಿಯ ಕಾರಣದಿಂದ ದೇಶದ ಪ್ರಯಾಣಿಕ ಬಂಡಿಗಳೆಲ್ಲವೂ ನಿಂತುವು. ಅವು ಮತ್ತೆ ಓಡತೊಡಗಿದಾಗ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಬಂಡಿಗಳಲ್ಲಿಯೂ ಎಕ್ಸ್‌ಪ್ರೆಸ್ ಬಂಡಿಯ ದರವೇ ನಡೆಯಿತು. ೧೦ ರೂಪಾಯಿಯಿದ್ದ ಕನಿಷ್ಠ ದರವು ೩೦ ರೂಪಾಯಿಯಾಯಿತು. ೨೦೨೪ರಲ್ಲಿ ಅದು ಪುನಃ ೧೦ ರೂಪಾಯಿಗೆ ಇಳಿಯಿತು. ಈ ನಡುವಿನ ವರುಷಗಳಲ್ಲಿ ಸೊಪ್ಪು ಮಾರುವವರ ಲಾಭವೆಷ್ಟು ಉಳಿಯಿತೆಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು. ೨೦೨೨ನೆಯ ನವೆಂಬರಿನಿಂದ ಮೈಸೂರಿಗೂ ಚೆನ್ನೈಗೂ ನಡುವೆ ವಂದೇ ಭಾರತ್ ಬಂಡಿಯು ಓಡುತ್ತಿದೆ. ಅದರ ಬಿಳಿಯ ಮೈಯನ್ನು ನೋಡಿ ನಮ್ಮ ಹುಡುಗಿಯರು ಕೈಬೀಸುವರು, ನಾನೂ ಸಂತೋಷಪಡುವೆನು. ದೂರದ ಊರಿಗೆ ಬೇಗನೆ ಹೋಗಬೇಕಾದವರ ಅವಸರವೂ ನ್ಯಾಯವಾದುದೇ. ಆ ಕಡಿದಾದ ಗೆರೆಗಳ ನಡುವೆ ಮೆಟ್ಟಿಲುಮೆಟ್ಟಿಲಾಗಿ ಏರುವ ನಮ್ಮ ಗೆರೆಗೂ ಒಂದು ಸ್ಥಳವಿರಬೇಕೆಂಬುದಿಷ್ಟೇ ನನ್ನ ಪ್ರಾರ್ಥನೆ.

ಹಳೆಯ ವಿದ್ಯಾರ್ಥಿನಿಯರಾದ ನನ್ನ ಸೋದರಿಯರೇ, ನಿಮ್ಮಲ್ಲಿ ಅನೇಕರು ಈಗ ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಶಾಲೆಗಳಲ್ಲಿಯೂ ಇತರರ ಹೊತ್ತನ್ನು ಗೊತ್ತುಮಾಡುವ ಸ್ಥಾನದಲ್ಲಿದ್ದೀರಿ. ಒಂದು ಸಭೆಯನ್ನೋ ಪಾಳಿಯನ್ನೋ ಪರೀಕ್ಷೆಯನ್ನೋ ಹದಿನೈದು ನಿಮಿಷ ಹಿಂದೆಮುಂದೆ ಮಾಡುವಾಗ, ದೂರದಿಂದ ಬರುವವಳ ಬಂಡಿ ಯಾವುದೆಂದು ಒಮ್ಮೆ ವಿಚಾರಿಸಿರಿ. ಬದಲಾವಣೆಯಿಂದ ತೊಂದರೆಯಾದರೆ ಗೋಡೆಯ ಪ್ರಕಟಣೆಯ ಮುಂದೆ ಗೊಣಗಿ ಸುಮ್ಮನಾಗದೆ ಎಣಿಸಿರಿ, ಬರೆಯಿರಿ, ಕಳುಹಿಸಿರಿ. ಲಾಭವಾದವರನ್ನೂ ಬಿಡದೆ ಎಣಿಸಿರಿ.

ಪೋಷಕರಲ್ಲಿಯೂ ಒಂದು ವಿನಂತಿ. ರೈಲಿನ ಹೊಸ ವೇಳಾಪಟ್ಟಿಯು ಒಂದೊಂದು ವರುಷ ಒಂದೊಂದು ತಿಂಗಳಿನಲ್ಲಿ ಹೊರಡುವುದುಂಟು. ೨೦೨೩ರಲ್ಲಿ ಅಕ್ಟೋಬರ್ ೧ರಿಂದಲೂ, ಅದರ ಮುಂದಿನದು ೨೦೨೫ರ ಜನವರಿ ೧ರಿಂದಲೂ ಜಾರಿಗೆ ಬಂದುವು. ಆದುದರಿಂದ ಶಾಲೆ ಆರಂಭವಾದ ಮೊದಲ ವಾರದಲ್ಲಿಯೂ, ಹೊಸ ಪಟ್ಟಿ ಬಂದಾಗಲೂ, ನಿಮ್ಮ ಮಗಳು ಯಾವ ನಿಲ್ದಾಣದಲ್ಲಿ ಯಾವ ಬಂಡಿಯನ್ನು ಹತ್ತುವಳು, ಮನೆಯನ್ನು ಎಷ್ಟು ಗಂಟೆಗೆ ಬಿಡುವಳು, ಅವಳ ಜೊತೆಗೆ ಯಾರಿರುವರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಶಾಲೆಯ ಕಚೇರಿಗೆ ಕಳುಹಿಸಬೇಕಾಗಿ ಕೋರುತ್ತೇನೆ. ಪಾಸಿನ ಪತ್ರಗಳಿಗೆ ಕೆಲಸದ ದಿನಗಳಲ್ಲಿ ಯಾವ ಹೊತ್ತಿನಲ್ಲಿ ಬಂದರೂ ರುಜು ಹಾಕಿಕೊಡುವೆನು. ಬಂಡಿಯ ಕಾರಣದಿಂದ ಮಗಳನ್ನು ಬಿಡಿಸಬೇಕೆಂಬ ಯೋಚನೆ ಬಂದರೆ, ವರ್ಗಾವಣೆ ಪತ್ರವನ್ನು ಕೇಳುವ ಮೊದಲು ನನ್ನೊಡನೆ ಒಂದು ಮಾತನ್ನಾಡಿರಿ.

— ಮುಖ್ಯೋಪಾಧ್ಯಾಯಿನಿ